ಬಡಗು ಎಂದರೆ ತೆಂಕು

೨೦೦೨ನೇ ಇಸವಿಯಲ್ಲಿ ನಾನು ಚೆನ್ನೈನ ಒಂದು ವಿಹಾರ ದೋಣಿಯಲ್ಲಿ ಸೆರಾಂಗ್ ಆಗಿದ್ದೆ. ಸೆರಾಂಗ್ ಎಂದರೆ ದೋಣಿ ನಡೆಸುವವನು, ಅದರಲ್ಲಿ ಕೂತವರ ಜೀವಕ್ಕೆ ಹೊಣೆಯಾದವನು. ಎಸ್ಸೆಸ್ಸೆಲ್ಸಿ ಮುಗಿಸಿ ಕುಂದಾಪುರದ ಕಡೆಯಿಂದ ಬಂದ ನಾನು ಬಂದರಿನ ಲಾಂಚುಗಳಲ್ಲಿ ಬಹಳ ಕಾಲ ದುಡಿದು, ಪರೀಕ್ಷೆ ಕಟ್ಟಿ ಸರ್ಟಿಫಿಕೇಟ್ ಪಡೆದಿದ್ದೆ. ಮನೆ ಮಾಧವರಂನಲ್ಲಿತ್ತು. ನಮ್ಮ ಕಂಪನಿಯ ಬೋರ್ಡಿನ ಮೇಲೆ ‘ವ್ಹೇಲ್ ವಾಚಿಂಗ್’ ಎಂದು ದೊಡ್ಡದಾಗಿ ಬರೆದಿತ್ತು. ನಾವು ತೋರಿಸುತ್ತಿದ್ದದ್ದು ಡಾಲ್ಫಿನ್, ಅದೃಷ್ಟವಿದ್ದರೆ ಒಂದು ಕಡಲಾಮೆ. ತಿಮಿಂಗಿಲ ಇದ್ದದ್ದು ಬೋರ್ಡಿನ ಮೇಲೆ ಮಾತ್ರ.

ಆಗ ಈ ಕೆಲಸಕ್ಕೆ ಮೂರು ದೋಣಿಗಳಿದ್ದವು. ನನ್ನದೊಂದು, ಸೆಲ್ವಂ ಎಂಬವನದೊಂದು, ನನ್ನ ಊರಿನವನೇ ಆದ ಬಾಬುವಿನದೊಂದು. ಮಾಲೀಕರು ಬೇರೆ ಬೇರೆ. ಡಾಲ್ಫಿನ್ ಕಾಣದಿದ್ದರೆ ಜನರನ್ನು ಇನ್ನೊಮ್ಮೆ ಪುಕ್ಕಟೆ ಕರೆದೊಯ್ಯಬೇಕು ಎಂಬ ಮಾತಿದ್ದುದರಿಂದ, ಯಾರಿಗೆ ಎಲ್ಲಿ ಕಂಡಿತು ಎನ್ನುವುದೇ ದಿನದ ದೊಡ್ಡ ವಿಷಯ. ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ವೈರ್‌ಲೆಸ್ಸಿನಲ್ಲಿ ನಾವು ಒಂದೇ ಚಾನೆಲ್ ಇಟ್ಟುಕೊಂಡು ಕೇಳುತ್ತಿದ್ದೆವು. ಬಾಬು ಮತ್ತು ನಾನು ಅದರಲ್ಲಿ ನಮ್ಮೂರ ಕನ್ನಡವನ್ನೇ ಆಡುತ್ತಿದ್ದೆವು; ಕೇಳಿ ಕೇಳಿ ಸೆಲ್ವಂಗೂ ಅದು ಅರ್ಥವಾಗುತ್ತಿತ್ತು.

ನಮ್ಮೂರ ಕಡಲಿನಲ್ಲಿ ಮೀನು ಸಿಕ್ಕಿದ ಜಾಗವನ್ನು ಯಾರೂ ಹೇಳುವುದಿಲ್ಲ. ಬಡಗಿನಲ್ಲಿ ಸಿಕ್ಕರೆ ತೆಂಕಿನಲ್ಲಿ, ಉತ್ತರವಾದರೆ ದಕ್ಷಿಣ ಎನ್ನುತ್ತಾರೆ. ಕೇಳಿದವನೂ ನಂಬುವುದಿಲ್ಲ, ಅದೊಂದು ಮರ್ಯಾದೆಯ ಸುಳ್ಳು. ಆ ಅಭ್ಯಾಸವನ್ನು ನಾನು ಚೆನ್ನೈಗೂ ತಂದಿದ್ದೆ. ಬಡಗಿನ ಎನ್ನೋರಿನ ಹೊಗೆಕೊಳವೆಗಳ ನೇರಕ್ಕೆ ಡಾಲ್ಫಿನ್ ಕಂಡರೆ, ತೆಂಕಿನ ಅಡಯಾರು ನದಿಯ ಬಾಯಿಯ ಹತ್ತಿರ ಇದ್ದೇನೆ ಎನ್ನುತ್ತಿದ್ದೆ. ಹಲವು ದೋಣಿ ಬಂದರೆ ಪ್ರಾಣಿಗಳು ಹೆದರುತ್ತವೆ ಎಂದು ನನಗೆ ನಾನೇ ಸಮಾಧಾನವನ್ನೂ ಹೇಳಿಕೊಂಡಿದ್ದೆ. ಸೆಲ್ವಂ ಜೆಟ್ಟಿಯಲ್ಲಿ ಎಲ್ಲರೆದುರು, “ಅಣ್ಣನೋಡ ಕಾಂಪಸ್ ತಲೆಕೀಳಾ ಇರುಕ್ಕು”, ಅಣ್ಣನ ದಿಕ್ಸೂಚಿಯೇ ತಲೆಕೆಳಗು, ಎಂದು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಹಿಂದಿನ ವರ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಒಂದೇ ಕಡೆ ನಿಂತಿದ್ದ ನನ್ನ ದೋಣಿಯನ್ನು ದೂರದಿಂದ ಕಂಡ ಬಾಬು ಏನು ವಿಷಯ ಎಂದು ಕೇಳಿದಾಗ, ಎಂಜಿನ್ ಬಿಸಿಯಾಗಿದೆ ಎಂದಿದ್ದೆ. ಅವನು ಎಳೆದೊಯ್ಯಲು ಹಗ್ಗ ಸಿದ್ಧಮಾಡಿಕೊಂಡು ಬಂದ. ನೋಡಿದರೆ ನನ್ನ ಸುತ್ತ ಡಾಲ್ಫಿನ್‌ಗಳು ನೆಗೆಯುತ್ತಿವೆ, ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಅವನು ಹಗ್ಗ ಸುತ್ತಿ ಇಟ್ಟ.

ಫೆಬ್ರವರಿಯ ಆ ಬೆಳಿಗ್ಗೆ ಕಡಲು ಎಣ್ಣೆ ಹೊಯ್ದಂತೆ ನಯವಾಗಿತ್ತು. ದೋಣಿಯಲ್ಲಿ ಸೌಕಾರ್‌ಪೇಟೆಯ ಒಂದು ಚಿನ್ನದ ವ್ಯಾಪಾರಿ ಕುಟುಂಬ, ಎಗ್ಮೋರಿನ ಹೋಟೆಲಿನಿಂದ ಬಂದ ಕೆಲವರು, ಮತ್ತೆ ವೇದವಲ್ಲಿ ಎಂಬ ಹಿರಿಯ ಹೆಂಗಸು ತನ್ನ ಇಬ್ಬರು ಮೊಮ್ಮಕ್ಕಳೊಂದಿಗೆ. ನಾನು ವೈರ್‌ಲೆಸ್ಸಿನಲ್ಲಿ ಬಾಬುವಿಗೆ ಎಂದಿನ ಸುಳ್ಳು ಹೇಳುತ್ತಿದ್ದುದನ್ನು ಕೇಳಿ ಆಕೆ ಚುಕ್ಕಾಣಿಯ ಕೋಣೆಗೆ ಇಣುಕಿದರು. “ನೀವು ಕನ್ನಡದವರಾ? ನಾವೂ ಕನ್ನಡಾನೇ. ನಾಲ್ಕು ತಲೆಮುರೆಯಾಗಿ ತಿರುವಲ್ಲಿಕ್ಕೇಣಿ” ಎಂದರು. ಮೊಮ್ಮಗಳು ಆಕೆಯ ಸೆರಗು ಎಳೆಯುತ್ತ, “ಪಾಟ್ಟಿ, ಡಾಲ್ಫಿನ್ ಎಪ್ಪೋ ವರುಂ?”, ಡಾಲ್ಫಿನ್ ಯಾವಾಗ ಬರುತ್ತದೆ ಎಂದು ಕೇಳಿದಳು. ಆಕೆ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಹುಡುಗಿಯ ಉತ್ತರ ತಮಿಳಿನಲ್ಲೇ.

ಅಡಯಾರಿನ ನೇರಕ್ಕೆ ಬಂದಾಗ ದೂರದಲ್ಲಿ ನೀರಿನಿಂದ ಬಿಳಿಯ ಹಬೆಯೊಂದು ಎದ್ದು ಗಾಳಿಯಲ್ಲಿ ಓರೆಯಾಯಿತು. ನನ್ನ ಸಹಾಯಕ ಮುರುಗೇಶನ್ ಬೀಡಿಯನ್ನು ಬಾಯಿಂದ ತೆಗೆದ. ತಿಮಿಂಗಿಲ ಉಸಿರು ಬಿಟ್ಟಿತ್ತು. ಇಷ್ಟು ವರ್ಷದಲ್ಲಿ ನಾನು ಕಂಡ ಮೊದಲನೆಯದು. ಬೋರ್ಡು ಅಂದು ನಿಜವಾಗುವುದಿತ್ತು.

ದಡದಿಂದ ಇಷ್ಟೇ ದೂರ ಎಂದು ನಮಗೆ ಅನುಮತಿ ಇದ್ದ ಗಡಿಯನ್ನು ದಾಟಿ ನಾನು ದೋಣಿ ಓಡಿಸಿದೆ. ದಾರಿಯಲ್ಲಿ ಥರ್ಮೋಕೋಲಿನ ತುಂಡುಗಳ ಸಾಲು ಕಂಡಿತು. ಯಾರೋ ಬೆಸ್ತರು ಬಿಟ್ಟ ಬಲೆ. ಸುತ್ತಿ ಹೋದರೆ ತಿಮಿಂಗಿಲ ಕೈತಪ್ಪುತ್ತದೆ. ಎರಡು ತುಂಡುಗಳ ನಡುವೆ ದಾಟಿಬಿಡಬಹುದು ಎಂದುಕೊಂಡೆ. ಹಿಂಬದಿಯಲ್ಲಿ ಒಂದು ಹೊಡೆತ ಬಿತ್ತು, ದೋಣಿ ಮೈಯೆಲ್ಲ ನಡುಗಿತು, ಎಂಜಿನ್ ನಿಂತಿತು.

ಎಲ್ಲ ಸ್ತಬ್ಧವಾದ ಆ ಗಳಿಗೆಯಲ್ಲೇ ತಿಮಿಂಗಿಲ ನಮ್ಮ ಮುಂದೆಯೇ ಎದ್ದಿತು. ಕಪ್ಪಗಿನ ಉದ್ದನೆಯ ಬೆನ್ನು, ಅದರ ಉಸಿರಿನ ಕೊಳೆತ ಮೀನಿನ ವಾಸನೆ. ಜನರೆಲ್ಲ ದೋಣಿಯ ಮೂತಿಯ ಕಡೆಗೆ ಓಡಿದರು. ಸೌಕಾರ್‌ಪೇಟೆಯ ಹಿರಿಯರು ತಿರುಗಿ ನನಗೆ ಕೈಮುಗಿದು, ಪ್ರಾಣಿಗೆ ತೊಂದರೆಯಾಗದ ಹಾಗೆ ಎಂಜಿನ್ ನಿಲ್ಲಿಸಿದಿರಿ, ಒಳ್ಳೆಯ ಕೆಲಸ ಎಂದರು. ನಾನು ತಲೆಯಾಡಿಸಿದೆ.

ಕೆಳಗಿನಿಂದ ಮುರುಗೇಶನ್ ತಲೆ ಎತ್ತಿ ಸನ್ನೆ ಮಾಡಿದ. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಉಕ್ಕಿನ ಶಾಫ್ಟ್ ದೋಣಿಯ ತಳವನ್ನು ದಾಟುವಲ್ಲಿ ಒಂದು ಬಿಗಿಯಾದ ಕಟ್ಟು ಇರುತ್ತದೆ, ಅದಕ್ಕೆ ಸ್ಟರ್ನ್ ಗ್ಲ್ಯಾಂಡ್ ಎನ್ನುತ್ತಾರೆ. ನೀರನ್ನು ಹೊರಗೇ ತಡೆಯುವುದು ಅದೇ. ಬಲೆಯ ನೈಲಾನ್ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡು ಶಾಫ್ಟನ್ನು ಎಳೆದು ಆ ಕಟ್ಟನ್ನು ಕಿತ್ತಿತ್ತು. ನೀರು ಒಳಗೆ ನುಗ್ಗುತ್ತಿತ್ತು. ನೀರು ಎತ್ತುವ ಪಂಪು ನಡೆಯುತ್ತಿದ್ದದ್ದು ಎಂಜಿನ್ನಿನಿಂದ, ಎಂಜಿನ್ ಸತ್ತಿತ್ತು. ವೈರ್‌ಲೆಸ್ಸಿನ ಬ್ಯಾಟರಿ ಇದ್ದದ್ದು ಎಂಜಿನ್ನಿನ ಪಕ್ಕದಲ್ಲಿ, ಕಾಲಡಿಯ ಹಲಗೆಗಿಂತ ಸ್ವಲ್ಪವೇ ಮೇಲೆ. ನೀರು ಅದನ್ನು ಮುಟ್ಟುವ ತನಕ ಮಾತ್ರ ನನಗೆ ಬಾಯಿ ಇತ್ತು. ಆ ದೂರದಲ್ಲಿ ಮೊಬೈಲುಗಳು ಕೆಲಸ ಮಾಡುತ್ತಿರಲಿಲ್ಲ.

ಅಪಾಯದ ಕರೆಗೆಂದೇ ಹದಿನಾರನೇ ಚಾನೆಲ್ ಇದೆ. ಅದರಲ್ಲಿ ಕರೆದರೆ ಬಂದರಿನವರು ಮೊದಲು ಕೇಳುವುದು ಜಾಗವನ್ನು. ಗಡಿ ದಾಟಿದ್ದು ಗೊತ್ತಾಗುತ್ತದೆ, ನನ್ನ ಸರ್ಟಿಫಿಕೇಟ್ ಹೋಗುತ್ತದೆ. ದಡದ ಕಡೆಗೆ ಬಾಬುವಿನ ದೋಣಿಯೂ ಸೆಲ್ವಂನ ದೋಣಿಯೂ ಕಣ್ಣಿಗೆ ಕಾಣುತ್ತಿದ್ದವು; ಬೆಳಗಿನ ಬಿಸಿಲಿಗೆ ಎದುರಾಗಿದ್ದ ಅವರಿಗೆ ನಾನು ಕಾಣುತ್ತಿರಲಿಲ್ಲ. ಅವರು ಬಂದರೆ ಸಾಕು, ಮೆಲ್ಲನೆ ಹಗ್ಗ ಕಟ್ಟಿಸಿಕೊಂಡು ಹೋಗಬಹುದು. ಬರುವಂತೆ ಮಾಡಲು ನನ್ನ ತಲೆಗೆ ಹೊಳೆದದ್ದು ಒಂದೇ ಉಪಾಯ. ಮೈಕ್ ಹಿಡಿದು, ಅಡಯಾರಿನ ನೇರಕ್ಕೆ ತಿಮಿಂಗಿಲ ಇದೆ, ಇಬ್ಬರೂ ಬನ್ನಿ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬಾಬು ನಕ್ಕ. “ಹ್ವಾಯ್, ನೀ ತೆಂಕ್ ಅಂದ್ರೆ ಬಡ್ಗ್ ಅಂದೇಳಿ ಗೊತ್ತಿತ್ ಮಾರಾಯ. ನಾ ಬಡ್ಗೇ ಹೋತೆ.”

ನೋಡನೋಡುತ್ತಿದ್ದಂತೆ ಎರಡು ದೋಣಿಗಳೂ ಎನ್ನೋರಿನ ಕಡೆಗೆ ತಿರುಗಿದವು. ಕಡಲಿನಲ್ಲಿ ದೋಣಿ ನಮ್ಮತ್ತ ಬರುವಾಗ ಕಡ್ಡಿಯಂತೆ ಸಣ್ಣಗೆ ಕಾಣುತ್ತದೆ. ಅಡ್ಡವಾಗಿ ಬೇರೆಡೆಗೆ ಹೋಗುವಾಗ ಅದರ ಇಡೀ ಪಕ್ಕ ಕಾಣುತ್ತದೆ. ನನಗೆ ಎರಡರ ಪಕ್ಕವೂ ಕಾಣಿಸಿತು.

ಮತ್ತೆ ಕರೆದೆ. ದೇವರಾಣೆ ಎಂದೆ. ಸೆಲ್ವಂ ಏನೋ ಹಾಡು ಗುನುಗಿದ. ಮುರುಗೇಶನ್ ಬಕೆಟ್ಟಿನಲ್ಲಿ ನೀರು ಎತ್ತಿ, ಯಾರಿಗೂ ಕಾಣದ ಹಾಗೆ ಹಿಂಬದಿಯಲ್ಲಿ ಚೆಲ್ಲುತ್ತಿದ್ದ. ಚಾಕು ಹಿಡಿದು ದೋಣಿಯಡಿ ಇಳಿಯುತ್ತೇನೆ ಎಂದ. ಜನ ನೋಡುತ್ತಾರೆ, ಬೇಡ ಎಂದೆ. ಲೈಫ್ ಜಾಕೆಟ್ಟುಗಳನ್ನು ಹಂಚಲೂ ಇಲ್ಲ, ಅದೇ ಕಾರಣಕ್ಕೆ.

ಅಷ್ಟರಲ್ಲಿ ತಿಮಿಂಗಿಲ ಮುಳುಗಿ ಹೋಯಿತು. ಜನರೆಲ್ಲ ಮೂತಿಯಿಂದ ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದರು. ಅವರ ಭಾರಕ್ಕೆ ದೋಣಿಯ ಹಿಂಭಾಗ ಕುಸಿಯಿತು. ತಳದಲ್ಲಿ ಮುಂದಕ್ಕೆ ಹರಡಿದ್ದ ನೀರೆಲ್ಲ ಒಮ್ಮೆಲೇ ಹಿಂದಕ್ಕೆ ಬಂದು ಹಲಗೆಗಳ ಸಂದಿಯಿಂದ ಮೇಲೆದ್ದಿತು. ಮೊಮ್ಮಗನ ಚಪ್ಪಲಿ ತೇಲಿತು. ಅವನಿಗೆ ಅದೊಂದು ತಮಾಷೆ.

ವೇದವಲ್ಲಿಯಮ್ಮ ನನ್ನ ಬಾಗಿಲಿಗೆ ಬಂದು ದನಿ ತಗ್ಗಿಸಿ ಕೇಳಿದರು: “ಎಂಜಿನ್ ನೀವಾ ನಿಲ್ಲಿಸಿದ್ದು, ಅದಾಗೇ ನಿಂತದ್ದಾ?”

ನಾನು ವೈರ್‌ಲೆಸ್ಸಿನ ಗುಂಡಿ ತಿರುಗಿಸಿದೆ.

“ನೀವು ಅವರ ಹತ್ತಿರ ಮಾತಾಡಿದ್ದು ನನಗೆ ಅರ್ಥವಾಯ್ತು. ತಿಮಿಂಗಿಲದ ವಿಷಯ ಹೇಳಿದಿರಿ. ನಮ್ಮ ವಿಷಯ ಹೇಳಲೇ ಇಲ್ಲವಲ್ಲ.”

ನನ್ನ ಭಾಷೆ ಬಲ್ಲವರು ದೋಣಿಯಲ್ಲಿ ಇದ್ದಾರೆಂಬುದು ನನಗೆ ಮರೆತೇ ಹೋಗಿತ್ತು. ಮೊದಲು ಜಾಕೆಟ್ ಕೊಡಿ ಎಂದರು. ಮುರುಗೇಶನ್ ನನ್ನ ಮುಖ ನೋಡದೆ ಹಂಚಿದ. ಚಿನ್ನದ ವ್ಯಾಪಾರಿಯ ಹೆಂಡತಿ ಅಳತೊಡಗಿದರು. ಗಂಡಸರು ಮುರುಗೇಶನ್ ಜೊತೆ ನೀರೆತ್ತಲು ಇಳಿದರು.

ಇನ್ನು ಹದಿನಾರರಲ್ಲಿ ಕರೆದರೂ ಬಂದರಿನವರು ಇಷ್ಟು ದೂರ ಬರುವ ಹೊತ್ತಿಗೆ ತಡವಾಗುತ್ತಿತ್ತು. ನಾನು ಮೈಕ್ ಎತ್ತಿದೆ. “ಬಾಬು, ಎಂಜಿನ್ ಸತ್ತಿತ್. ನೀರ್ ಒಳ್ಗ್ ಬತ್ತಾ ಇತ್ತ್. ಸುಳ್ಳಲ್ಲ.”

ಬಾಬು, “ಹ್ವಾದ್ ವರ್ಷದ್ ಆಟವೇ ಮತ್ತಾ? ಇಷ್ಟ್ ಜನ ಕಟ್ಕಂಡ್ ನಿನ್ ಹಿಂದೆ ತಿರ್ಗುಕ್ ಆತ್ತಾ?” ಎಂದ.

ಆಣೆ ಆಗಲೇ ಖರ್ಚಾಗಿತ್ತು. ನಾನು ಆಡಬಹುದಾದ ಪ್ರತಿ ಮಾತೂ ಅವನು ಒಮ್ಮೆ ನಂಬಿ ಮೋಸಹೋದ ಮಾತೇ ಆಗಿತ್ತು. ವೈರ್‌ಲೆಸ್ಸಿನ ದೀಪ ಮಂಕಾಗುತ್ತಿತ್ತು. ವೇದವಲ್ಲಿಯಮ್ಮ ಕೈ ಚಾಚಿದರು. ನಾನು ಮೈಕ್ ಕೊಟ್ಟು, ಯಾವುದನ್ನು ಒತ್ತಬೇಕೆಂದು ತೋರಿಸಿದೆ.

“ನಾನು ಈ ಬೋಟಲ್ಲಿ ಬಂದಿರೋ ಒಬ್ಬ ಹೆಂಗಸು. ಇವರು ಹೇಳ್ತಿರೋದು ನಿಜ. ಕಾಲ್ ಕೆಳಗೆ ತಣ್ಣಿ ಏರ್ತಾ ಇದೆ. ಚಿನ್ನ ಮಕ್ಕಳಿದ್ದಾರಪ್ಪ, ಕೊಂಚ ಬೇಗ ಬನ್ನಿ.”

ದೀಪ ಆರಿತು. ಮಾತು ಅವನಿಗೆ ಮುಟ್ಟಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ನೀರು ಕಣಕಾಲಿಗೆ ಬಂದಿತ್ತು. ಆಕೆ ಒಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಬಡಗಿನ ಕಡೆಗೇ ನೋಡುತ್ತಿದ್ದೆ. ಬಾಬುವಿನ ದೋಣಿಯ ಉದ್ದನೆಯ ಪಕ್ಕ ಹಾಗೆಯೇ ಕಾಣುತ್ತಿತ್ತು. ಕಣ್ಣು ಉರಿಯಿತು, ಒರೆಸಿಕೊಂಡು ಮತ್ತೆ ನೋಡಿದೆ. ಪಕ್ಕ ಗಿಡ್ಡವಾಗಿತ್ತು. ಇನ್ನೂ ಗಿಡ್ಡವಾಗಿ, ಕೊನೆಗೆ ಒಂದು ಕಡ್ಡಿಯಷ್ಟಾಯಿತು. ಅವನು ಬರುತ್ತಿದ್ದ.

ಬಾಬು ಮೊದಲು ಮಕ್ಕಳನ್ನೂ ಹೆಂಗಸರನ್ನೂ ತನ್ನ ದೋಣಿಗೆ ಹತ್ತಿಸಿಕೊಂಡ. ವೇದವಲ್ಲಿಯಮ್ಮನ ಕೈ ಹಿಡಿದು ದಾಟಿಸುವಾಗ, “ಅಮ್ಮ, ನಿಮ್ ಮಾತ್ ಕೇಂಡ್ ಬಂದದ್ದ್” ಎಂದ. ನನ್ನ ಕಡೆಗೆ ಹಗ್ಗ ಎಸೆದ. “ಕಟ್ಟ್” ಎಂದ. ಅಂದು ಅವನು ನನಗೆ ಆಡಿದ್ದು ಅಷ್ಟೇ. ಹಿಂದಿನ ವರ್ಷ ಸುತ್ತಿಟ್ಟ ಹಗ್ಗವೇ ಅದು ಇರಬೇಕು.

ಎಲ್ಲರೂ ಬದುಕಿ ದಡ ಸೇರಿದರು. ಕಂಪನಿಗೆ ಬಲೆಯ ವಿಷಯವನ್ನೂ ಗಡಿ ದಾಟಿದ ವಿಷಯವನ್ನೂ ಹೇಳಿದೆ. ಕೆಲವು ತಿಂಗಳು ಸರ್ಟಿಫಿಕೇಟ್ ತಡೆಹಿಡಿದು ಆಮೇಲೆ ವಾಪಸು ಕೊಟ್ಟರು. ಆದರೆ ನೀರು ಏರುತ್ತಿದ್ದಾಗ ನಾನು ತಿಮಿಂಗಿಲದ ಹೆಸರು ಹೇಳಿ ಕಳೆದ ಹೊತ್ತನ್ನು ಯಾರಿಗೂ ಹೇಳಲಿಲ್ಲ. ವೇದವಲ್ಲಿಯಮ್ಮನೂ ಹೇಳಲಿಲ್ಲ. ಯಾರ ಬಲೆಯನ್ನು ಹರಿದೆನೋ ಅವರನ್ನು ಹುಡುಕಲೂ ಇಲ್ಲ. ಇಂದು ಇದನ್ನೆಲ್ಲ ಬರೆಯುತ್ತಿರುವುದು ಅದಕ್ಕಾಗಿ.

ಮತ್ತೆ ದೋಣಿ ಹತ್ತಿದ ಮೇಲೆ ನಾನು ಪ್ರತಿ ಟ್ರಿಪ್ಪಿನಲ್ಲೂ ಇದ್ದ ಜಾಗವನ್ನು ಇದ್ದ ಹಾಗೆ ಹೇಳತೊಡಗಿದೆ. ಡಾಲ್ಫಿನ್ ಇಲ್ಲಿವೆ, ಬನ್ನಿ ಎಂದರೆ ಎರಡು ದೋಣಿಗಳೂ ಎದುರು ದಿಕ್ಕಿಗೆ ಹೋಗುತ್ತಿದ್ದವು. ನಾನು ಅವರನ್ನು ದೂರಲಿಲ್ಲ. ಒಂದು ಸೀಸನ್ ಪೂರ್ತಿ ಅವರ ಪಕ್ಕಗಳನ್ನೇ ನೋಡಿದೆ, ಮರುವರ್ಷವೂ ನೋಡಿದೆ. ಸುಳ್ಳು ಹೇಳಲು ಕಲಿತದ್ದು ಸುಲಭವಾಗಿ, ನಿಜ ಹೇಳುವವನೆಂದು ನಂಬಿಸಲು ಮಾತ್ರ ಯಾವ ಉಪಾಯವೂ ಇರಲಿಲ್ಲ, ದಿನವೂ ಹೇಳುತ್ತಾ ಹೋಗುವುದನ್ನು ಬಿಟ್ಟು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆಮೇಲೊಂದು ಬೆಳಿಗ್ಗೆ, ಎನ್ನೋರಿನ ನೇರಕ್ಕೆ ಕೆಲವು ಡಾಲ್ಫಿನ್ ಕಂಡವು. ಎಂದಿನಂತೆ ವೈರ್‌ಲೆಸ್ಸಿನಲ್ಲಿ ಹೇಳಿದೆ. ಅಭ್ಯಾಸಬಲದಿಂದ ತಿರುಗಿ ನೋಡಿದೆ. ಬಾಬುವಿನ ದೋಣಿ ಕಡ್ಡಿಯಷ್ಟು ಸಣ್ಣಗೆ ಕಾಣುತ್ತಿತ್ತು.