ತೊಪ್ಪೂರಿನ ಏರಿನಲ್ಲಿ ನಿಂತ ಫ್ಯಾನು

ಆ ಬೆಳಿಗ್ಗೆಯೂ ಎಂದಿನಂತೆ ಮಗ್ಗದ ಮನೆಯ ಬಾಗಿಲು ತೆಗೆದು, ಅಂಗಳಕ್ಕೆ ನೀರು ಹಾಕಿ ಕೋಲದ ರಂಗೋಲಿ ಬಿಟ್ಟೆ. ಇಡ್ಲಿ ಇಳಿಸುವಷ್ಟರಲ್ಲಿ ನಮ್ಮ ಯಜಮಾನರು ಜೀಪಿನ ಹಿಂದೆ ಟ್ರೈಲರ್ ಕಟ್ಟಿದ್ದರು. ಸೀರೆ ಮೂಟೆ ಸಾಗಿಸುವ, ತಗಡಿನ ಸೂರಿನ ಟ್ರೈಲರ್ ಅದು. ಸೊಂಟ ಮುರಿದಿದ್ದ ನನ್ನ ಅಮ್ಮನಿಗೆ ಕೂರಲಾಗದು. ಅದರಲ್ಲೇ ಹಾಸಿಗೆ ಹಾಸಿ, ತಾರಮಂಗಲದಿಂದ ಕಂಬೈನಲ್ಲೂರಿಗೆ, ದೊಡ್ಡಮ್ಮನ ಮನೆಗೆ ಕರೆದೊಯ್ಯಬೇಕಿತ್ತು. ಸೆಕೆಗೆಂದು ಒಂದು ಹಳೇ ಬ್ಯಾಟರಿ, ಪುಟ್ಟ ಫ್ಯಾನು ಇಟ್ಟು, ಜೀಪಿನಿಂದ ವೈರು ಎಳೆದಿದ್ದರು.

"ಬ್ಯಾಟರಿ ಚಾರ್ಜ್ ಮಾಡ್ಸಿದ್ರಾ?"

"ಜೀಪ್ ಓಡ್ತಾ ಓಡ್ತಾ ಅದೇ ತುಂಬ್ಕತೈತೆ. ನೀ ಕೂತ್ಕ."

ನೆಂಟರ ಊರನ್ನು ನಿಲ್ಲದೆ ದಾಟಿದರೆ ನಮ್ಮ ನೇಕಾರರಲ್ಲಿ ಅದು ಮುಖಕ್ಕೆ ಹೊಡೆದ ಹಾಗೆ. ಓಮಲೂರಿನಲ್ಲಿ ನೆಂಟರ ಮನೆ ಮುಂದೆ ಯಜಮಾನರು ಡೀಸೆಲ್ ಉಳಿಸಲು ಇಂಜಿನ್ ಆರಿಸಿ, ಮಜ್ಜಿಗೆಗೆ ಒಳಹೋದರು. ಫ್ಯಾನು ತಿರುಗುತ್ತಲೇ ಇತ್ತು. ಟ್ರೈಲರಿನಲ್ಲಿ ಅಮ್ಮನ ಪಕ್ಕ ಕೂತಿದ್ದ ನಾನು ನೋಡುತ್ತಿದ್ದಂತೆ ಅದರ ರೆಕ್ಕೆಗಳು ಬಿಡಿಬಿಡಿಯಾಗಿ ಕಾಣತೊಡಗಿದವು. ಅಮ್ಮನ ಕುತ್ತಿಗೆಯ ಮಡಿಕೆಯಲ್ಲಿ ಬೆವರು ನಿಂತಿತ್ತು.

ಹೊರಬಂದವರಿಗೆ ಹೇಳಿದೆ: "ಇಂಜಿನ್ ನಿಂತ್ರೆ ಈ ಖಾಲಿ ಬ್ಯಾಟರಿ ಜೀಪಿನ ಬ್ಯಾಟರೀನೂ ಖಾಲಿ ಮಾಡ್ತದೆ. ನಿಲ್ಸಿದ ಕಡೆ ವೈರಾದ್ರೂ ಬಿಚ್ಚಿ."

"ನೀ ಓದಿದ ಕಾನ್ವೆಂಟ್ನಾಗೆ ಮೆಕ್ಯಾನಿಕ್ ಕೆಲ್ಸಾನೂ ಕಲಿಸ್ತಿದ್ರಾ, ತಾಯೀ?"

ಬಾಗಿಲಲ್ಲಿದ್ದ ನೆಂಟರೆಲ್ಲ ನಕ್ಕರು. ನಾನು ಸೆರಗಿನಿಂದ ಅಮ್ಮನ ಕುತ್ತಿಗೆ ಒರೆಸಿದೆ.

ದೀವಟ್ಟಿಪಟ್ಟಿಯಲ್ಲಿ ಮತ್ತೊಂದು ಮನೆ, ಊಟ, ಎಲೆ ಅಡಿಕೆ. ಹೊರಡುವಾಗ ಜೀಪು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ತೊಪ್ಪೂರಿನ ಏರಿನಲ್ಲಿ ಟೀಗೆಂದು ನಿಲ್ಲಿಸಿದ್ದೇ ಕೊನೆ. ಕೀ ತಿರುಗಿಸಿದರೆ 'ಟಕ್' ಎಂದಿತಷ್ಟೆ. ಫ್ಯಾನೂ ನಿಂತಿತು. ಅಲ್ಲೇ ಟೀಗೆ ನಿಂತಿದ್ದ ಲಾರಿಯವರು ಟ್ರೈಲರ್ ಬಿಚ್ಚಿ, ಅದರ ಮುಂದಿನ ಮೂಕಿಗೂ ಗಾಲಿಗೂ ಕಲ್ಲು ಕೊಟ್ಟು, ಜೀಪನ್ನು ಇಳಿಜಾರಿಗೆ ತಿರುಗಿಸಿ, "ತಳ್ಳು, ತಳ್ಳು!" ಎಂದು ನೂಕಿದರು. ಜೀಪು ತಿರುವಿನಲ್ಲಿ ಮರೆಯಾಯಿತು.

ಕಾದ ತಗಡಿನಡಿ ಅಮ್ಮ ನನ್ನ ಕೈ ಹಿಡಿದಳು. "ನನ್ನ ಇಲ್ಲೇ ಬುಟ್ಟು ಓಯ್ತಾವ್ರಾ, ಮಗಾ?"

ಜೀಪು ಗುಡುಗುತ್ತಾ ಹಿಂದಿರುಗಿತು. ಯಜಮಾನರು ನಗುತ್ತಾ ಇಳಿದು, ಟ್ರೈಲರ್ ಕಟ್ಟಿ, ಮತ್ತೆ ವೈರಿಗೆ ಕೈ ಹಾಕಿದರು. ನಾನು ಅದನ್ನು ಕಿತ್ತು ರಸ್ತೆಗೆ ಎಸೆದೆ.

"ಇನ್ಯಾರ ಮನೆ ಮುಂದೆಯೂ ನಿಲ್ಸಕೂಡ್ದು!"

"ಧರ್ಮಪುರಿ ಮಾಮ ಕೋಪ ಮಾಡ್ಕತಾರೆ ಕಣೇ..."

"ಮಾಡ್ಕೊಳ್ಳಲಿ!" ಲಾರಿಯವರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದೆ.

ಧರ್ಮಪುರಿಯನ್ನು ನಿಲ್ಲದೆ ದಾಟಿದೆವು. ಸೀರೆ ಡಬ್ಬದ ರಟ್ಟಿನಲ್ಲಿ ನಾನು ದಾರಿಯುದ್ದಕ್ಕೂ ಅಮ್ಮನಿಗೆ ಗಾಳಿ ಬೀಸಿದೆ.

ಸಂಜೆ ಕಂಬೈನಲ್ಲೂರಿನಲ್ಲಿ ದೊಡ್ಡಮ್ಮ ಅಮ್ಮನ ಕೆನ್ನೆ ಸವರುತ್ತಾ ಅಳುತ್ತಿದ್ದರು. ರಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಹಸು ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯಾಕೆ ಟ್ರೈಲರಿನೊಳಗೆ ಇಣುಕಿದಳು.

"ಅಯ್ಯೋ, ಫ್ಯಾನ್ ಬೇರೆ ಐತಲ್ಲಕ್ಕಾ! ಅಳಿಯ ಅಂದ್ರೆ ಇಂಗಿರ್ಬೇಕು."