ಪಾರ್ವತಿಯ ಅರ್ಕಾವತ್ತು ಮತ್ತು ನನ್ನ ಲಿನಕ್ಸು

ಕಂಪ್ಯೂಟರ್ ಕೊಳ್ಳುವಾಗ ಜನ ಅದು ಏನೇನು ಮಾಡುತ್ತದೆ ಎಂದು ಕೇಳುತ್ತಾರೆ. ನಾನು ಅದರಲ್ಲಿ ಲಿನಕ್ಸ್ ಓಡುತ್ತದೆಯೇ ಎಂದಷ್ಟೇ ಕೇಳಿ, ಆಮೇಲೆ ಬೇರೇನೂ ಓಡದ ಸಂಕಟವನ್ನು ಮನೆಗೆ ಹೊತ್ತು ತರುವವನು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಹೆಂಡತಿ ಪಾರ್ವತಿ ದಿನಾ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಅಲ್ಲೇ ಅಂಗಡಿ ಇಟ್ಟಿದ್ದ ಶಿವಮಲ್ಲು ನಮಗೊಂದು ಕಂಪ್ಯೂಟರ್ ಜೋಡಿಸಿಕೊಟ್ಟು, ಎಲ್ಲರಿಗೂ ಹಾಕುವಂತೆ ವಿಂಡೋಸ್ ಹಾಕಿದ್ದ. ನಾನು ಪತ್ರಿಕೆಯೊಂದರ ಜೊತೆ ಬಂದಿದ್ದ ಸೀಡಿಯಿಂದ ಲಿನಕ್ಸ್ ಹಾಕಿ ಆ ವಿಂಡೋಸನ್ನು ಓಡಿಸಿಬಿಟ್ಟೆ. ಲಿನಕ್ಸಿನ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಂದು ಸಾಲನ್ನೂ ತಿದ್ದಲಾರದ ನನಗೆ ಈ ಸ್ವಾತಂತ್ರ್ಯ ಬಹಳ ಹಿಡಿಸಿತ್ತು.

ಅವತ್ತಿನಿಂದಲೇ, ಫೋನಿನ ತಂತಿಯಲ್ಲಿ ಇಂಟರ್ನೆಟ್ ತರುವ ಮೋಡೆಮ್ ಮೂಕವಾಯಿತು. ಅದರ ಅರ್ಧ ಕೆಲಸವನ್ನು ವಿಂಡೋಸೇ ಮಾಡಿಕೊಡುತ್ತಿತ್ತಂತೆ. ಲಿನಕ್ಸಿಗೆ ಆ ದಾಕ್ಷಿಣ್ಯವಿರಲಿಲ್ಲ. ಪ್ರಿಂಟರಿನಲ್ಲಿ ಸಾಲುಗಳು ಮೆಟ್ಟಿಲು ಇಳಿಯುತ್ತ ಇಳಿಯುತ್ತ ಹಾಳೆಯ ಅಂಚಿನಿಂದ ಆಚೆಗೆ ಬಿದ್ದುಹೋಗುತ್ತಿದ್ದವು. ಸೀಪಿಯು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರೆ ಶಿವಮಲ್ಲು ಅದನ್ನು ಮುಟ್ಟಲೂ ಇಲ್ಲ. “ಊರ್ಗೆಲ್ಲ ಆಗಿರೋದು ನಿಮ್ಗೊಬ್ರಿಗ್ಯಾಕ್ ಆಗಲ್ಲ ಸಾ?” ಎಂದ. ನಾನು ಸಿಟ್ಟಿನಿಂದ ಮೈಸೂರಿಗೆ ಹೋಗಿ, ಲಿನಕ್ಸಿಗೆ ಒಪ್ಪುವ, ಹೊರಗಿಡುವ ಮೋಡೆಮ್ ತಂದೆ. ಕೆಂಪು ದೀಪ ಮಿಣುಕಿಸುತ್ತ ಅದು ಕಿರುಚುವಾಗ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಇಷ್ಟನ್ನೂ ಪಾರ್ವತಿ ಸಹಿಸಿದಳು. ಎಡವಟ್ಟಾದದ್ದು ಕನ್ನಡದಲ್ಲಿ. ಲಿನಕ್ಸಿಗೆ ಕನ್ನಡ ಬಂದಿದೆಯೆಂದು ತೋರಿಸಲು ನಾನು ನಂಜನಗೂಡು ಎಂದು ಟೈಪಿಸಿದೆ. ಚೆನ್ನಾಗಿ ಬಂತು. ನರಸೀಪುರವೂ ಬಂತು. ಆ ಹುರುಪಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲೇ ಮಾಡಿಬಿಡು ಎಂದೆ. ಅವಳು ಅದನ್ನೇ ನಂಬಿ ಹೆಡ್ಮೇಡಂಗೆ ಮಾತು ಕೊಟ್ಟು ಬಂದಳು. ನಮ್ಮ ಎರಡು ಊರುಗಳ ಹೆಸರಿನಲ್ಲೂ ಒಂದೇ ಒಂದು ಒತ್ತಕ್ಷರವಿಲ್ಲ ಎಂಬುದು ಹೊಳೆದದ್ದು ಅವಳು ತನ್ನ ಹೆಸರು ಟೈಪಿಸಿದಾಗ. ಅರ್ಕಾವತ್ತು ಎದ್ದು ನಿಂತು ‘ಪಾರ್‌ವತಿ’ಯಾಯಿತು. ಕೃಷ್ಣ ಎಂದು ಟೈಪಿಸಿದರೆ ಷಕಾರ ಒಂದು ಕಡೆ, ಣಕಾರ ಇನ್ನೊಂದು ಕಡೆ.

“ಮಕ್ಕಳು ಹೀಗೆ ಬರೆದ್ರೆ ನಾನು ಕೆಂಪಿಂಕಲ್ಲಿ ಸುತ್ತು ಹಾಕ್ತೀನಿ ಕಣ್ರೀ. ಇದನ್ನ ಪ್ರಶ್ನೆಪತ್ರಿಕೆ ಅಂತ ಕೊಡ್ಲಾ?”

ನಾನು ಫಾಂಟ್ ಬದಲಿಸಿದೆ, ಲಿನಕ್ಸನ್ನೇ ಬದಲಿಸಿದೆ, ಬೇರೆ ಸೀಡಿ ತರಿಸಿದೆ. ಒಂದರಲ್ಲಿ ಒತ್ತು ಸರಿಹೋದರೆ ದೀರ್ಘ ಕೈಕೊಡುತ್ತಿತ್ತು. ಮಾತು ಕೊಟ್ಟ ದಿನ ಬಂದಾಗ ಅವಳು ಶಿವಮಲ್ಲುವಿನ ಅಂಗಡಿಯಲ್ಲಿ ಕೂತು ಪ್ರಶ್ನೆಪತ್ರಿಕೆ ಮುಗಿಸಿಕೊಂಡಳು. ಮನೆಗೆ ಬಂದು ಅನ್ನ ಬಡಿಸಿದಳು, ಮಾತಾಡಲಿಲ್ಲ.

ಆ ಮೌನ ತಡೆಯಲಾಗದೆ, ಅಕ್ಷರ ಜೋಡಿಸುವ ತಂತ್ರಾಂಶ ಬರೆಯುವ ಸ್ವಯಂಸೇವಕರಿಗೆ ಒಂದು ಖಾರವಾದ ಇ-ಮೇಲ್ ಹಾಕಿದೆ. ಅವರಲ್ಲೊಬ್ಬ ಯಾವುದೋ ದೂರದೇಶದಿಂದ ಬಹಳ ನಯವಾಗಿ ಉತ್ತರ ಬರೆದ: ನನಗೆ ಕನ್ನಡ ಬಾರದು, ಯಾವುದು ಸರಿ, ಏಕೆ ಸರಿ ಎಂದು ಹೇಳಿಕೊಡುತ್ತೀರಾ? ನನಗೆ ಯಾವುದು ಸರಿ ಎಂಬುದು ಗೊತ್ತಿತ್ತು. ಏಕೆ ಎಂಬುದು ಗೊತ್ತಿರಲಿಲ್ಲ. ಆ ಉತ್ತರವನ್ನು ಪಾರ್ವತಿಯ ಮುಂದೆ ಓದಿದೆ.

ಅವಳು ಕುರ್ಚಿ ಎಳೆದುಕೊಂಡಳು. ಅರ್ಕಾವತ್ತು ಎಂದರೆ ಮದುವೆಮನೆಗೆ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ತಲುಪುವ ನೆಂಟ. ಬಾಯಲ್ಲಿ ಮುಂದೆ, ಬರಹದಲ್ಲಿ ಹಿಂದೆ. ಹೀಗೆ ಶುರುವಾದ ಪಾಠ ವಾರಗಟ್ಟಲೆ ನಡೆಯಿತು. ಅವಳು ಹೇಳಿದ್ದನ್ನು ನಾನು ಇಂಗ್ಲಿಷಿಗೆ ಇಳಿಸುವುದು, ಅವನು ತಿದ್ದಿ ಕಳಿಸುವುದು, ಅವಳು ನೋಡಿ ತಲೆ ಅಲ್ಲಾಡಿಸುವುದು. ಕೊನೆಗೊಂದು ದಿನ ಕೃಷ್ಣ ಒಟ್ಟುಗೂಡಿದ. ಅರ್ಕಾವತ್ತು ತನ್ನ ಜಾಗದಲ್ಲಿ ಬಾಗಿ ಕೂತಿತು. ಪಾರ್ವತಿ ತನ್ನ ಹೆಸರಿನ ಮೇಲೆ ಬೆರಳಾಡಿಸಿ ನೋಡಿದಳು. ಗಾಜಿನ ಮೇಲೆ ಗುರುತು ಉಳಿಯಿತು, ನಾನು ಒರೆಸಲಿಲ್ಲ.

ಸುಖವಾಯಿತು ಎಂದುಕೊಂಡಿರಾ? ಆಮೇಲೆ ನನಗೆ ಆ ಕುರ್ಚಿ ಸಿಗಲೇ ಇಲ್ಲ. ಇಂಗ್ಲಿಷಿನಲ್ಲಿ ತಾನೇ ಬರೆಯತೊಡಗಿದಳು, ಸ್ವಯಂಸೇವಕರ ಜೊತೆ ತಾನೇ ಜಗಳಕ್ಕೆ ನಿಂತಳು. ನನ್ನ ಇ-ಮೇಲ್ ನೋಡಬೇಕೆಂದರೆ ಒಂದು ನಿಮಿಷ ಇರಿ ಎನ್ನುವಳು. ಆ ನಿಮಿಷದಲ್ಲಿ ನಾನು ಸೊಪ್ಪು ಬಿಡಿಸಿ ಸಾರು ಕುದಿಸಿರುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಹಳೆಯ ಯಂತ್ರ ಕೈಕೊಟ್ಟಿತು. ಇಬ್ಬರೂ ಟಿ. ನರಸೀಪುರಕ್ಕೆ ಹೋದೆವು. ಯಾವ ಕಂಪನಿಯ ಬೋರ್ಡು, ಅದರ ಸೌಂಡು ಲಿನಕ್ಸಿಗೆ ಒಪ್ಪುತ್ತದೆಯೇ, ಪ್ರಿಂಟರ್ ಯಾವುದು ಎಂದು ಪಾರ್ವತಿ ಒಂದೊಂದನ್ನೂ ತೆಗೆಸಿ, ತಿರುಗಿಸಿ ನೋಡಿ, ಬೇಡವೆಂದು ವಾಪಸ್ ಇಡಿಸಿದಳು. ಶಿವಮಲ್ಲು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದ.

“ಏನ್ ಸಾ, ನೀವು ಬಾಯೇ ಬುಡ್ನಿಲ್ವಲ್ಲ?”

“ಕಂಪ್ಯೂಟರ್ ಅವರದು ಶಿವಮಲ್ಲು,” ಎಂದೆ. “ನಾನು ಮಾನಿಟರ್ ಎತ್ಕೊಂಡು ಹೋಗೋಕೆ ಬಂದಿರೋನು.”