ಒಣಗದ ಕೊಲ್ಲಿ ನೀರು

ಕಟ್ಟಿದ ಕಥೆ ಅನ್ನುವವರು ಅನ್ನಲಿ. ನಾನು ಲ್ಯಾಬಿನಲ್ಲಿ ದುಡಿಯುವವಳು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆದು ರೂಢಿ. ಆ ರಾತ್ರಿ ಕಂಡದ್ದನ್ನೂ ಹಾಗೆಯೇ ಹೇಳುತ್ತೇನೆ.

ಬೇಗಂಪೇಟೆಯ ಹಳೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ನಮ್ಮ ನೀರು ಪರೀಕ್ಷೆಯ ಲ್ಯಾಬ್. ಸಮುದ್ರ ಇಲ್ಲಿಂದ ಬಹಳ ದೂರ. ಆದರೂ ಆಂಧ್ರದ ಕರಾವಳಿಯ ಒಂದು ಕೊಲ್ಲಿಯ ನೀರು ಐಸ್ ಪೆಟ್ಟಿಗೆಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಆಗ ಅದನ್ನು ತರುತ್ತಿದ್ದವರು ನನ್ನ ಹಿರಿಯ ಸಹೋದ್ಯೋಗಿ ಶಂಕ್ರಪ್ಪ, ರಾಯಚೂರಿನವರು.

ಆ ಸಂಜೆ ಸ್ಟೇಷನ್ನಿನಿಂದ ನೇರ ಬಂದವರ ಮುಖ ಬಾಡಿತ್ತು. ಹೊಲಗಳ ಗೊಬ್ಬರ, ಚರಂಡಿಯ ಕೊಳೆ ಎಲ್ಲ ಕಾಲುವೆಯಲ್ಲಿ ಹರಿದು ಕೊಲ್ಲಿ ಸೇರಿ, ಪಾಚಿ ಹಸಿರು ಗಂಜಿಯ ಹಾಗೆ ಹಬ್ಬಿದೆಯಂತೆ. ಪಾಚಿ ಕೊಳೆತರೆ ನೀರಿನ ಉಸಿರೇ ಹೋಗುತ್ತದೆ. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವಂತೆ. ದೋಣಿಯಲ್ಲಿ ಕರೆದೊಯ್ದ ಬೆಸ್ತ ಅಪ್ಪಲಸ್ವಾಮಿ ದಾರಿಯುದ್ದಕ್ಕೂ ಬೀಡಿ ಸೇದುತ್ತಲೇ ಇದ್ದನಂತೆ.

ತಡಮಾಡಿದರೆ ನೀರಿನ ಗುಣ ಬದಲಾಗುತ್ತದೆ. ಹಾಗಾಗಿ ರಾತ್ರಿಯೇ ಇಬ್ಬರೂ ಸೋಸಲು ಕೂತೆವು. ನೀರು ಇಳಿದು ಹೋಗಿ, ಸಾವಯವ ಕಣಗಳು ಫಿಲ್ಟರ್ ಕಾಗದದ ಮೇಲೆ ಕಂದು ಪದರವಾಗಿ ಉಳಿಯುತ್ತವೆ. ಅದನ್ನು ಓವನ್‌ನಲ್ಲಿ ಒಣಗಿಸಿ ತೂಗಬೇಕು.

ಎಲ್ಲ ಕಾಗದಗಳೂ ಒಣಗಿದವು. ಕಾಲುವೆಯ ಬಾಯಲ್ಲಿ ತುಂಬಿದ ಬಾಟಲಿಯದು ಮಾತ್ರ... ಒದ್ದೆ.

ಮತ್ತೆ ಇಟ್ಟೆ. ತೆಗೆದು ತೂಗಿದರೆ ಮೊದಲಿಗಿಂತ ಭಾರ. ತಕ್ಕಡಿ ಕೆಟ್ಟಿರಬೇಕೆಂದು ಬೇರೆ ಕಾಗದ ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಇನ್ನೊಮ್ಮೆ ಒಣಗಿಸಿದೆ. ಇನ್ನೂ ಭಾರ...

ಮತ್ತೆ ಒಳಗಿಟ್ಟು ಬಾಗಿಲು ಹಾಕಿದಾಗ ಸದ್ದು ಶುರುವಾಯಿತು. ಗುಳುಕ್... ಗುಳುಕ್... ಯಾರೋ ನೀರಿನಡಿ ಉಸಿರು ಬಿಟ್ಟ ಹಾಗೆ. ಓವನ್ನಿನ ಗಾಜಿನ ಒಳಮೈಯಲ್ಲಿ ಹನಿಗಳು ಇಳಿಯುತ್ತಿದ್ದವು. ಒಂದು ಹನಿ ಸಂದಿನಿಂದ ಜಿನುಗಿ ನನ್ನ ಬೆರಳಿಗೆ ತಾಕಿತು. ಕಾದ ಓವನ್ನಿನಿಂದ ಬಂದ ನೀರು ಐಸಿನಷ್ಟು ತಣ್ಣಗಿತ್ತು.

ಶಂಕ್ರಪ್ಪ ಮೂಗು ಅರಳಿಸಿ ನಿಂತರು.

"ವಿಜಯಾ, ಬೀಡಿ ವಾಸನಿ ಬರಾಕತ್ತೈತಿ. ನಿನಗೂ ಬರಾಕತ್ತೈತೇನು?"

ಬರುತ್ತಿತ್ತು. ಜೊತೆಗೆ ಒದ್ದೆ ಬಲೆಯ ವಾಸನೆ.

"ಅಪ್ಪಲಸ್ವಾಮಿ ಸೇದೋ ಬೀಡಿ ಇದು," ಎಂದರು, ಪಿಸುದನಿಯಲ್ಲಿ.

"ಅವರಿಗೊಂದು ಫೋನ್ ಮಾಡ್ರಿ," ಎಂದೆ.

ಫೋನ್ ಎತ್ತಿದ್ದು ಅವನ ಹೆಂಡತಿ.

"ಇಂಕಾ ರಾಲೇದು ಸಾರ್..."

ಇನ್ನೂ ಬಂದಿಲ್ಲ. ಫೋನ್ ಮನೆಯಲ್ಲೇ ಬಿಟ್ಟು, ಕಾಲುವೆಯ ಬಾಯಲ್ಲಿ ಕೊನೆಯದಾಗಿ ಒಮ್ಮೆ ಬಲೆ ಹಾಕಿ ನೋಡುತ್ತೇನೆಂದು ಸಂಜೆಯೇ ಒಬ್ಬನೇ ಹೋದನಂತೆ. ಆಮೇಲೆ ಅವಳು, ನೀವು ನೀರು ನೋಡಿದವರು, ಅಲ್ಲಿ ಇನ್ನೂ ಮೀನು ಇವೆಯಾ ಎಂದು ಕೇಳಿದಳು. ಶಂಕ್ರಪ್ಪ, ಜನರನ್ನು ಕರೆದುಕೊಂಡು ಬೇಗ ಅಲ್ಲಿಗೆ ಹೋಗಮ್ಮ ಎಂದಷ್ಟೇ ಹೇಳಿದರು.

ಬೆಳಗಿನ ಜಾವ ಅವಳ ಕಡೆಯವರ ಫೋನ್ ಬಂತು. ಅಲ್ಲೇ ಸಿಕ್ಕಿದ್ದ, ಪಾಚಿಯ ನಡುವೆ... ಉಸಿರಿರಲಿಲ್ಲ.

ಓವನ್ ತೆರೆದೆ. ಕಾಗದ ಒಣಗಿ ಸುರುಟಿಕೊಂಡಿತ್ತು. ತೂಗುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ.

ಶಂಕ್ರಪ್ಪ ಮತ್ತೆ ಆ ಕೊಲ್ಲಿಗೆ ಹೋಗಲಿಲ್ಲ. ವರದಿ ಹೋಯಿತು. ಕಾಲುವೆ ಹಾಗೆಯೇ ಹರಿಯುತ್ತಿದೆ, ಪ್ರತಿ ಸಲ ನೀರು ಇನ್ನಷ್ಟು ಹಸಿರಾಗಿ ಬರುತ್ತದೆ. ಆ ಸದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ.

ಈಗ ಬೇರೊಬ್ಬ ದೋಣಿಯವನು ನೀರು ತುಂಬಿ ಕಳಿಸುತ್ತಾನೆ. ಅವನ ಹೆಸರು ನಾನು ಕೇಳಿಲ್ಲ.